ಚಾವಣ ಬಿನ್ ದಾಸೋಜ, ಸಾಕಿನ್ ಬಳ್ಳಿಗಾವಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬೇಲೂರಿನ ಚೆನ್ನಕೇಶವ ಗುಡಿಯ ಲೇಖನವನ್ನು ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿವೆ. ಒಂದು ಮದನಿಕೆಯ ಚಿತ್ರವನ್ನು ನನ್ನ ಮೊಮ್ಮಗಳು ಆಗಲೇ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾಳೆ, ಹಿಂದಿನ ಪುಟದ ಚಿನ್ನದ ಧಾರಣೆ ನನಗೆ ಓದಲು ಸಿಗಲಿಲ್ಲ. ಇರಲಿ. ನನ್ನ ತಕರಾರು ಬೇರೆ. ಮುಕ್ಕಾಲು ಪುಟದ ಲೇಖನದಲ್ಲಿ ರಾಜನ ಹೆಸರು ಏಳು ಸಲ ಬಂದಿದೆ, ರಾಣಿಯದು ಐದು ಸಲ. ಕೆತ್ತಿದವರ ಸರದಿ ಬಂದಾಗ ಮಾತ್ರ 'ಅಮರಶಿಲ್ಪಿ ಜಕಣಾಚಾರಿ' ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಸ್ವಾಮಿ, ಆ ಗುಡಿಯ ಮೇಲೆ ನಮ್ಮೂರಿನವರ ರುಜು ಇದೆ.

ನಾನು ಇತಿಹಾಸ ಓದಿದವನಲ್ಲ. ಬಳ್ಳಿಗಾವಿಯವನು, ಶಿಕಾರಿಪುರ ತಾಲ್ಲೂಕು. ಸೈಕಲ್ ಮೇಲೆ ಅಂಚೆ ಹಂಚುತ್ತಾ ಆಯುಸ್ಸು ಕಳೆದವನು. ಮೊದಲು ನಮ್ಮನ್ನು ಇ.ಡಿ., ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಎಂದು ಕರೆಯುತ್ತಿದ್ದರು, ಆಮೇಲೆ ಗ್ರಾಮೀಣ ಡಾಕ್ ಸೇವಕ ಅಂತ ಹೆಸರಾಯಿತು, ಚೀಲ ಮಾತ್ರ ಅದೇ. ಈ ಕೆಲಸದಲ್ಲಿ ಇದ್ದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎಲ್ಲಿ ಅಕ್ಷರ ಕಂಡರೂ ಮೊದಲು ಹುಡುಕುವುದು ವಿಳಾಸವನ್ನು. ಯಾರು, ಯಾರ ಮಗ, ಯಾವೂರು.

ಬೇಲೂರಿನಲ್ಲಿ ಅದೇ ಆಯಿತು. ನಾಲ್ಕು ವರ್ಷದ ಹಿಂದೆ ಮಗ ಕಾರು ಮಾಡಿಕೊಂಡು ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದ. ನಮ್ಮೂರಿನಿಂದ ಸುಮಾರು 200 ಕಿಲೋಮೀಟರ್. ಶಿವಮೊಗ್ಗ ದಾಟಿ, ತರೀಕೆರೆ ದಾಟಿ, ಚಿಕ್ಕಮಗಳೂರಿನಲ್ಲಿ ತಿಂಡಿ ತಿಂದು, ಬೇಲೂರು ಮುಟ್ಟುವಾಗ ಮಧ್ಯಾಹ್ನ. ಅಲ್ಲಿ ಒಬ್ಬ ಗೈಡ್ ಸಿಕ್ಕಿದ. ಹುಡುಗ ಒಳ್ಳೆಯವನೇ, ಬಾಯಿ ಚುರುಕು. ವಿಷ್ಣುವರ್ಧನ 1117ರಲ್ಲಿ ಈ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದು, 42 ಮದನಿಕೆಯರು, ತನ್ನ ಭಾರದ ಮೇಲೇ ನಿಂತ ದೀಪದ ಕಂಬ, ತಿರುಗುತ್ತಿತ್ತು ಅನ್ನುವ ನರಸಿಂಹ ಕಂಬ, ಎಲ್ಲ ಹೇಳಿದ. ಆಮೇಲೆ ಕಪ್ಪೆ ಚೆನ್ನಿಗರಾಯನ ಮುಂದೆ ನಿಲ್ಲಿಸಿ ಜಕಣಾಚಾರಿಯ ಕಥೆ. ಮಗ ಡಂಕಣ ಬಂದು ಮೂರ್ತಿಯ ಕಲ್ಲಿನಲ್ಲಿ ದೋಷ ಇದೆ ಅಂದದ್ದು, ಗಂಧ ಹಚ್ಚಿದಾಗ ಹೊಟ್ಟೆಯ ಹತ್ತಿರ ಮಾತ್ರ ಒಣಗದೆ ಉಳಿದದ್ದು, ಒಡೆದರೆ ಒಳಗೆ ಕಪ್ಪೆ, ಅಪ್ಪ ಕೈ ಕತ್ತರಿಸಿಕೊಂಡದ್ದು, ಕೈದಾಳದಲ್ಲಿ ಕೈ ಮರಳಿ ಬಂದದ್ದು. ನನ್ನ ಅವ್ವ ಇದೇ ಕಥೆಯನ್ನು ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದಳು, ಕಪ್ಪೆ ಹಾರುವ ಜಾಗ ಬಂದಾಗ ಹಿಟ್ಟಿನ ಕೈಯಲ್ಲೇ ನನ್ನ ಹೊಟ್ಟೆ ಮುಟ್ಟುತ್ತಿದ್ದಳು. ಆ ಕಥೆಯ ಮೇಲೆ ನನಗೇನೂ ಸಿಟ್ಟಿಲ್ಲ.

ಆದರೆ ಗೈಡು ಕಥೆ ಹೇಳುತ್ತಿದ್ದಾಗ ನಾನು ಕತ್ತು ಮೇಲೆ ಮಾಡಿ ನೋಡುತ್ತಿದ್ದೆ. ಮದನಿಕೆಯರು ಇರುವುದು ಎತ್ತರದಲ್ಲಿ, ಗೋಡೆಗೂ ಸೂರಿಗೂ ನಡುವೆ ಓರೆಯಾಗಿ. ಅವರ ಕಾಲ ಕೆಳಗೆ ಒಂದು ಪೀಠ. ಆ ಪೀಠದ ಮೇಲೆ, ಕಾಲ್ಬೆರಳಿನ ಕೆಳಗೆ, ಸಣ್ಣ ಸಣ್ಣ ಅಕ್ಷರ. ಎಲ್ಲದರ ಕೆಳಗೂ ಇಲ್ಲ, ಕೆಲವದರ ಕೆಳಗೆ. ಮಗನ ಮೊಬೈಲಿನಲ್ಲಿ ಚಿತ್ರ ತೆಗೆಸಿ, ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದೆ. ಹಳಗನ್ನಡದ ಲಿಪಿ ನನಗೆ ಪೂರ್ತಿ ಬರುವುದಿಲ್ಲ, ಆದರೆ 'ಬಳ್ಳಿ' ಅನ್ನುವುದು ಬಂತು. ಹಾಗೇ ಮುಂದಕ್ಕೆ ಹೋದರೆ 'ದಾಸೋಜ'. ನನಗೆ ಮೈಯೆಲ್ಲ ಜುಮ್ ಅಂತು. ಯಾಕೆಂದರೆ ಅದನ್ನು ಓದಿದ್ದು ನಾನೇ, ಬೇರೆಯವರು ಓದಿ ಹೇಳಿದ್ದಲ್ಲ.

ಬಲ್ಲವರು ಇದನ್ನೆಲ್ಲ ಯಾವತ್ತೋ ಓದಿ ಅಚ್ಚು ಹಾಕಿಸಿದ್ದಾರೆ, ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಬಳ್ಳಿಗ್ರಾಮದ, ಅಂದರೆ ನಮ್ಮ ಬಳ್ಳಿಗಾವಿಯ, ದಾಸೋಜ ನಾಲ್ಕು ಮದನಿಕೆಯರನ್ನೂ ಅವನ ಮಗ ಚಾವಣ ಐದನ್ನೂ ಮಾಡಿದ್ದಾರೆ ಎನ್ನುತ್ತಾರೆ. ಅವರ ಜೊತೆಗೆ ಗದುಗಿನ ನಾಗೋಜ, ಮಲ್ಲಿಯಣ್ಣ, ಚಿಕ್ಕಹಂಪ, ಮಲ್ಲೋಜ, ಹೀಗೆ ಎಷ್ಟೋ ಜನ. 'ಓಜ' ಅಂದರೆ ಉಪಾಧ್ಯಾಯ, ಗುರು. 'ರೂವಾರಿ' ಅಂದರೆ ರೂಪ ಕಡೆಯುವವನು. ಚಾವಣನಿಗೆ ಒಂದು ಬಿರುದೂ ಇದೆ, 'ಬಿರುದ ರೂವಾರಿ ಮದನ ಮಹೇಶ'. ಬಿರುದು ಹೊತ್ತು ಮೆರೆಯುವ ಶಿಲ್ಪಿಗಳೆಲ್ಲ ಮನ್ಮಥರಾದರೆ ಇವನು ಅವರನ್ನು ಸುಡುವ ಶಿವ. ಎಂಥ ಸೊಕ್ಕು ನೋಡಿ! ಶಿವನ ಊರಿನವನು ವಿಷ್ಣುವಿನ ಗುಡಿಯ ಗೋಡೆಯ ಮೇಲೆ ಶಿವನ ಹೆಸರಿನ ಬಿರುದು ಬರೆದುಕೊಂಡಿದ್ದಾನೆ, ಯಾರೂ ಅಳಿಸಿಲ್ಲ.

ಗೈಡಿಗೆ ಹೇಳಿದೆ. "ಯಜಮಾನ್ರೇ, ಅದೆಲ್ಲ ಕೆಲಸದ ಆಳುಗಳ ಹೆಸರು" ಅಂದ.

ಅಲ್ಲಿಂದ ಇಲ್ಲಿಯವರೆಗೆ ಆ ಮಾತು ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಆಳುಗಳು ರುಜು ಹಾಕುತ್ತಾರಾ? ನಾವು ಮನಿಯಾರ್ಡರ್ ಕೊಡುವಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆವು. ರುಜು ಮಾಡುವವರು ಪೆನ್ನು ಕೈಗೆ ತೆಗೆದುಕೊಳ್ಳುವ ರೀತಿಯೇ ಬೇರೆ, ಬೆನ್ನು ನೆಟ್ಟಗಾಗುತ್ತದೆ. ಆ ಪೀಠದ ಮೇಲಿನ ಅಕ್ಷರಗಳ ಬೆನ್ನೂ ನೆಟ್ಟಗಿದೆ. ಹೆಸರು, ಅಪ್ಪನ ಹೆಸರು, ಊರು. ನಮ್ಮ ಪಹಣಿ ಭಾಷೆಯಲ್ಲಿ ಹೇಳುವುದಾದರೆ ಚಾವಣ ಬಿನ್ ದಾಸೋಜ, ಸಾಕಿನ್ ಬಳ್ಳಿಗಾವಿ. ಪಿನ್ ಕೋಡ್ ಒಂದಿಲ್ಲ ಅಷ್ಟೇ. ಇಷ್ಟು ಸ್ಪಷ್ಟವಾಗಿ ವಿಳಾಸ ಬರೆದ ಎಷ್ಟು ಕಾಗದಗಳು ನನ್ನ ಚೀಲಕ್ಕೆ ಬಿದ್ದಿದ್ದಾವು! 'ಪ್ರೀತಿಯ ಅಣ್ಣನಿಗೆ, ಬಸ್‌ಸ್ಟ್ಯಾಂಡ್ ಹತ್ತಿರ' ಅಂತ ಬರೆದದ್ದನ್ನೂ ನಾನು ಮುಟ್ಟಿಸಿದ್ದೇನೆ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ದಾಸೋಜ ಎಂಥ ಊರಿನಿಂದ ಹೊರಟ ಎಂದು ನಿಮ್ಮ ಲೇಖಕರಿಗೆ ತಿಳಿದರೆ ಮುಂದಿನ ಸಲ ಒಂದು ಸಾಲು ಹೆಚ್ಚು ಬರೆದಾರು.

ಇವತ್ತು ಶಿರಾಳಕೊಪ್ಪದಲ್ಲಿ ಇಳಿದು 'ಬಳ್ಳಿಗಾವಿ' ಅಂದರೆ ಆಟೋದವನು ಬಾಡಿಗೆ ಕೇಳುವ ಮೊದಲು ಒಂದು ಸಲ ಮುಖ ನೋಡುತ್ತಾನೆ, ಇವನಿಗೆ ಅಲ್ಲೇನು ಕೆಲಸ ಎಂದು. ಜೋಳದ ಹೊಲ, ಶುಂಠಿ, ಅಡಿಕೆ, ಕೆರೆ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿ. ಶಾಸನಗಳು ಇದನ್ನು 'ಅನಾದಿ ರಾಜಧಾನಿ' ಎನ್ನುತ್ತವೆ, ಅಂದರೆ ಆಗಲೇ ಇದು ಯಾವಾಗಿನದು ಅಂತ ಯಾರಿಗೂ ನೆನಪಿರಲಿಲ್ಲ. ಬಲಿ ಚಕ್ರವರ್ತಿಯ ಊರು, ಪಾಂಡವರು ಬಂದು ಐದು ಲಿಂಗ ಸ್ಥಾಪಿಸಿದರು ಎಂದು ಹಿರಿಯರು ಹೇಳುತ್ತಿದ್ದರು. ಪಕ್ಕದಲ್ಲೇ ತಾಳಗುಂದ. ಅಲ್ಲಿನ ಪ್ರಣವೇಶ್ವರನ ಗುಡಿಯ ಮುಂದಿನ ಕಂಬದಲ್ಲಿ ಕದಂಬರ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆ ಇದೆ. ಅದನ್ನು ಬರೆದ ಕವಿ ಕುಬ್ಜನೂ ತನ್ನ ಹೆಸರು ಹೇಳಿಕೊಂಡಿದ್ದಾನೆ. ನಮ್ಮ ಸೀಮೆಯವರಿಗೆ ರುಜು ಹಾಕುವ ಚಟ ಹಳೆಯದು ಅಂತ ಕಾಣುತ್ತದೆ.

ಊರಿನ ಮುಖ್ಯ ಗುಡಿ ಕೇದಾರೇಶ್ವರ. ದಕ್ಷಿಣ ಕೇದಾರ ಎಂದು ಶಾಸನದಲ್ಲಿ ಬರುತ್ತದೆ. ಬಳಪದ ಕಲ್ಲಿನದು. ಈ ಕಲ್ಲಿನ ಗುಣ ಏನೆಂದರೆ, ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ಕುಡಿಯುತ್ತಾ ಗಟ್ಟಿಯಾಗುತ್ತದೆ. ಬೇಲೂರಿನದೂ ಇದೇ ಜಾತಿ. ಮೂರು ಗರ್ಭಗುಡಿ. ಪಶ್ಚಿಮಕ್ಕೂ ದಕ್ಷಿಣಕ್ಕೂ ಲಿಂಗ, ಉತ್ತರಕ್ಕೆ ವಿಷ್ಣು. ಹೊಯ್ಸಳರ ಲಾಂಛನ, ಸಳ ಸಿಂಹದ ಜೊತೆ ಸೆಣಸುವುದು, ಶಿಖರದ ಮುಂದೆ ಕೂತಿದೆ. ಮುಂದಿನ ತೆರೆದ ಮಂಟಪದ ಕಂಬಗಳಿಗೆ ಎಷ್ಟು ನುಣುಪು ಎಂದರೆ, ನಾನು ಚಿಕ್ಕವನಿದ್ದಾಗ ಕ್ರಾಪು ಬಾಚಿಕೊಳ್ಳಲು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆವು. ಊರ ಇನ್ನೊಂದು ದಿಕ್ಕಿಗೆ ತ್ರಿಪುರಾಂತಕ, ಅದರ ಜಾಲಂಧ್ರದಲ್ಲಿ ಕುಣಿಯುವವರು, ಬುಡದ ಪಟ್ಟಿಯಲ್ಲಿ ಪಂಚತಂತ್ರದ ಕಥೆಗಳು. ಆಮೇಲೆ ಭೇರುಂಡೇಶ್ವರನ ಕಂಬ, ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ್ದು, ಒಂದೇ ಕಲ್ಲು, ತಲೆ ಎತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರ. 'ಭೇರುಂಡ ಗಳೆ' ಎಂದು ಹೊಲ ಅಳೆಯುವ ಕೋಲಿನ ಹೆಸರೇ ಶಾಸನಗಳಲ್ಲಿ ಬರುತ್ತದೆ. ಸರ್ವೆಯವರ ಸರಪಳಿ ಬರುವ ಮೊದಲು ನಮ್ಮ ಸೀಮೆಯ ಅಳತೆ ಅದು.

ಶಿವಾಲಯ ಮಾತ್ರ ಅಲ್ಲ. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಐವರ ಹೆಸರಿನಲ್ಲೂ ಮಠ ಇದ್ದ ಊರು ಇದು. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಹನ್ನೊಂದನೆಯ ಶತಮಾನದ ಕರ್ನಾಟಕದಲ್ಲಿ ಬೌದ್ಧರಿಗೆ ಹೊಸ ವಿಹಾರ ಎಂದರೆ ಅಪರೂಪ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಶಾಸನದ ಮೇಷ್ಟ್ರು ಊರಿಗೆ ಬಂದಿದ್ದರು. ಅವರಿಗೆ ಬರುವ ಕಾಗದ ಕೊಡಲು ಗುಡಿಗೇ ಹೋಗಬೇಕಿತ್ತು, ಯಾಕೆಂದರೆ ಅವರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಒಂದು ದಿನ ಹೋದಾಗ ಕಲ್ಲಿನ ಪಡಿಯಚ್ಚು ತೆಗೆಯುತ್ತಿದ್ದರು. ಮೊದಲು ಕಲ್ಲನ್ನು ಬ್ರಷ್ಷಿನಲ್ಲಿ ತಿಕ್ಕಿ ತೊಳೆದರು, ಪಾಚಿ ಎಲ್ಲ ಹಸಿರು ನೀರಾಗಿ ಹರಿಯಿತು. ಒದ್ದೆ ಮಾಡಿದ ದೊಡ್ಡ ಕಾಗದವನ್ನು ಕಲ್ಲಿನ ಮೇಲೆ ಹಾಸಿದರು. ಗಾಳಿ ಇತ್ತು. "ಏ ಪೋಸ್ಟ್‌ಮ್ಯಾನ್, ಆ ತುದಿ ಹಿಡ್ಕೊಳಪ್ಪ" ಅಂದರು. ಹಿಡಿದುಕೊಂಡೆ. ಬ್ರಷ್ಷಿನಿಂದ ಟಪ್ ಟಪ್ ಅಂತ ಬಡಿಯುತ್ತಾ ಹೋದರು, ಕಾಗದ ಅಕ್ಷರದ ಗುಣಿಯೊಳಗೆ ಇಳಿಯಿತು. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ಮೇಲಿಂದ ಮೇಲೆ ಒತ್ತಿದರು. ನಮ್ಮ ಅಂಚೆ ಮೊಹರು ಹಾಕುವುದಕ್ಕಿಂತ ಹಗುರ ಕೈ. ನೋಡನೋಡುತ್ತಾ ಕಾಗದ ಕಪ್ಪಾಯಿತು, ಅಕ್ಷರ ಮಾತ್ರ ಬೆಳ್ಳಗೆ ಉಳಿಯಿತು. ನಾನು ದಿನಾ ಸೈಕಲ್ ಒರಗಿಸುತ್ತಿದ್ದ ಕಲ್ಲು ಸ್ವಾಮಿ ಅದು. ಅದರಲ್ಲಿ ಅಷ್ಟು ಮಾತು ಇತ್ತು.

ಅವರು ಬೆರಳಿಟ್ಟು ಓದಿಸಿದರು. ಮೊದಲು 'ಶ್ರೀ', ಆಮೇಲೆ 'ಸ್ವಸ್ತಿ'. ರಾಜನ ಬಿರುದುಗಳು ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಹೆಸರು ಬಂದ ಹಾಗೆ ಮುಗಿಯುವುದೇ ಇಲ್ಲ. ನಂತರ ಆಳುವ ಅಧಿಕಾರಿ, ದಾನ ಹಿಡಿಯುವ ಗುರು, ಕೊಟ್ಟ ಭೂಮಿ, ಅದರ ಚೆಕ್ಕುಬಂದಿ. ಕೊನೆಗೆ ಶಾಪ, ಇದನ್ನು ಹಾಳು ಮಾಡಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. "ಇದು ಆವತ್ತಿನ ರಿಜಿಸ್ಟರ್ಡ್ ಪೋಸ್ಟ್ ಕಣಪ್ಪ" ಅಂದರು ಮೇಷ್ಟ್ರು. ನಮ್ಮ ತಾಲ್ಲೂಕಿನ ಶಾಸನಗಳನ್ನು ರೈಸ್ ಸಾಹೇಬರು ಓದಿ 1902ರಲ್ಲೇ ಅಚ್ಚು ಹಾಕಿಸಿದ್ದರು ಎಂದು ಹೇಳಿದವರೂ ಅವರೇ. ಇಂಗ್ಲಿಷಿನವನು ಓದಿ ಹೋದ ಮೇಲೂ ನಾವು ಸೈಕಲ್ ಒರಗಿಸಿಕೊಂಡೇ ಇದ್ದೆವು.

ಅವರು ಓದಿ ಹೇಳಿದ್ದರಲ್ಲಿ ಒಂದು ಶಾಸನ ನನಗೆ ಇವತ್ತಿಗೂ ಬಾಯಿಪಾಠ, ಅಂದರೆ ಅದರ ತಾತ್ಪರ್ಯ. 1162ರದು. ಕಳಚುರಿ ಬಿಜ್ಜಳ ದಕ್ಷಿಣದ ಕಡೆ ಬಂದು ಬಳ್ಳಿಗಾವಿಯಲ್ಲಿ ಬೀಡು ಬಿಟ್ಟಾಗಿನದು. ಕೇದಾರೇಶ್ವರನಿಗೆ ಸೇರಿದ ಕೋಡಿಯ ಮಠದ ವರ್ಣನೆ ಅದರಲ್ಲಿದೆ. ತಾವರೆಗೆರೆಯ ಕೋಡಿಯ ಹತ್ತಿರ ಇದ್ದುದರಿಂದ ಕೋಡಿಯ ಮಠ. ಕಾಳಾಮುಖ ಶೈವರದು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂದು ಗುರುಪರಂಪರೆ. ನಾಲ್ಕು ವೇದ, ಬೇರೆ ಬೇರೆ ವ್ಯಾಕರಣ, ಷಡ್ದರ್ಶನ, ಕಾವ್ಯ, ನಾಟಕ ಕಲಿಸುವ ಜಾಗ. ಬೌದ್ಧರ, ಜೈನರ ಶಾಸ್ತ್ರವೂ ಅಲ್ಲಿ ಚರ್ಚೆಗೆ ಬರುತ್ತಿತ್ತು. ಇದಾದ ಮೇಲೆ ಊಟದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕೊಳಲಿನವರು, ಕುಣಿಯುವವರು. ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಸನ್ಯಾಸಿಗಳು. ಇಷ್ಟೂ ಜನಕ್ಕೆ ಅನ್ನ. ರೋಗಿಗಳಿಗೆ ಔಷಧ. ಕೊನೆಯಲ್ಲಿ ಎಲ್ಲ ಜೀವಿಗಳಿಗೂ ಅಭಯ.

ನಾನು ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ ಹಂಚಿದವನು. ಫಾರಂ ತುಂಬದೆ, ದಾಖಲೆ ಇಲ್ಲದೆ ಎಷ್ಟೋ ಮುದುಕಿಯರ ಮನಿಯಾರ್ಡರ್ ತಿಂಗಳುಗಟ್ಟಲೆ ನಿಂತು, ಅವರು ದಿನಾ ಬಾಗಿಲಲ್ಲಿ ಕೂತು "ನಂದು ಬಂತೇನೋ ತಮ್ಮಾ" ಎಂದು ಕೇಳಿದ್ದನ್ನು ಕೇಳಿದವನು. ಆ ಪಟ್ಟಿಯಲ್ಲಿ ಕುಂಟರಾದ ಮೇಲೆ ಕುರುಡರು, ಕುರುಡರಾದ ಮೇಲೆ ಕಿವುಡರು ಎಂದು ಒಬ್ಬೊಬ್ಬರನ್ನೇ ನೆನಪಿಟ್ಟು ಬರೆಸಿದವನು ಯಾರೋ, ಅವನಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಇನ್ನೊಂದು ಮಾತು, ಇದು ನನ್ನದೇ ಊಹೆ, ಯಾವ ಮೇಷ್ಟ್ರೂ ಹೇಳಿದ್ದಲ್ಲ. ಅಲ್ಲಮಪ್ರಭು ನಮ್ಮೂರಿನವನು. ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವನು ಎಂದು ಹೇಳುತ್ತಾರೆ. ಅವನ ಕಾಲವೂ ಬಿಜ್ಜಳನ ಕಾಲವೇ. ಕೋಡಿಯ ಮಠದ ಪಂಕ್ತಿಯಲ್ಲಿ ವಾದ್ಯ ಬಾರಿಸುವವರಿಗೂ ಎಲೆ ಹಾಕುತ್ತಿದ್ದರು. ಎಂದಾದರೂ ಒಂದು ಮಧ್ಯಾಹ್ನ ಆ ಎಲೆಯ ಮುಂದೆ ಅವನೂ ಕೂತಿರಬಹುದಲ್ಲವೆ? ಉಡುತಡಿ ಇಲ್ಲೇ ಹತ್ತಿರ. ಅಲ್ಲಿನ ಅಕ್ಕಮಹಾದೇವಿ, ಇಲ್ಲಿನ ಅಲ್ಲಮ ಕಲ್ಯಾಣದಲ್ಲಿ ಎದುರುಬದುರು ನಿಂತು ಮಾತಾಡಿದರು. ನಾಡೆಲ್ಲ ಅದನ್ನು ಓದುತ್ತದೆ. ಇಬ್ಬರೂ ಒಂದೇ ತಾಲ್ಲೂಕಿನವರು ಎನ್ನುವುದು ನಮಗೆ ಮಾತ್ರ ಖುಷಿ ಕೊಡುವ ವಿಷಯ.

ಇಂಥ ಊರಿನಲ್ಲಿ ಉಳಿ ಹಿಡಿದು ಕಲಿತವರು ದಾಸೋಜ, ಚಾವಣ. ಇಲ್ಲಿ ಗುಡಿಯ ಮೇಲೆ ಗುಡಿ ಏಳುತ್ತಿದ್ದ ಕಾಲದಲ್ಲಿ ಬೆಳೆದವರು. ಬೇಲೂರಿನಲ್ಲಿ ದೊಡ್ಡ ಕೆಲಸ ಎದ್ದಾಗ ಕರೆ ಬಂದಿರಬೇಕು. ತುಂಗೆ ದಾಟಿ, ಭದ್ರೆ ದಾಟಿ, ಅಪ್ಪ ಮಗ ಉಳಿ ಸುತ್ತಿಗೆ ಗಂಟು ಕಟ್ಟಿಕೊಂಡು ಹೋಗಿದ್ದಾರೆ. ಕೆಲಸ ಮುಗಿದ ಮೇಲೆ ತಮ್ಮ ಊರಿನ ಹೆಸರನ್ನು ಅಲ್ಲಿ ಬಿಟ್ಟು ಬಂದಿದ್ದಾರೆ. ದುಡಿಯಲು ಹೊರಗೆ ಹೋದ ನಮ್ಮ ಹುಡುಗರು ಇವತ್ತು ಬೆಂಗಳೂರಿನಲ್ಲಿ ಕಟ್ಟುವ ಕಟ್ಟಡಗಳ ಮೇಲೆ ಯಾರ ಊರಿನ ಹೆಸರಿದೆ, ಹೇಳಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಟಿ.ವಿ. ಮುಂದೆ ಕೂತು ನಾನೂ ಚಪ್ಪಾಳೆ ತಟ್ಟಿದೆ. ದಾಸೋಜನ ಹೆಸರು ಹೇಳಬಹುದು ಎಂದು ಸುದ್ದಿ ಮುಗಿಯುವವರೆಗೂ ಕಾದೆ. ಹೇಳಲಿಲ್ಲ. ಸೋಮನಾಥಪುರದ ಮಲ್ಲಿತಮ್ಮನ ಹೆಸರನ್ನಾದರೂ ಹೇಳಬಹುದಿತ್ತು, ಅಲ್ಲಿ ಅವನ ರುಜು ಇಲ್ಲದ ಗೋಡೆ ಇಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಬೇಲೂರಿನಲ್ಲಿ ಜನ ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು ಫಲಕ ಆಗಲಿ. ಕಲ್ಲಿನ ಮೇಲೆ ಸಿಕ್ಕಿರುವ ಅಷ್ಟೂ ರೂವಾರಿಗಳ ಹೆಸರು, ಅವರ ಊರು, ಯಾರ ರುಜು ಯಾವ ಮೂರ್ತಿಯ ಕೆಳಗಿದೆ ಎಂದು ಇವತ್ತಿನ ಕನ್ನಡದಲ್ಲಿ, ಮಕ್ಕಳಿಗೆ ಎಟುಕುವ ಎತ್ತರದಲ್ಲಿ. ನಮ್ಮ ಕೇದಾರೇಶ್ವರದ ಅಂಗಳದಲ್ಲಿ ಇನ್ನೊಂದು ಫಲಕ. ಅದರಲ್ಲಿ ಕೋಡಿಯ ಮಠದ ಆ ಊಟದ ಪಟ್ಟಿ, ಒಂದು ಹೆಸರೂ ಬಿಡದೆ. ಅದರ ಕೆಳಗೆ 'ಬೇಲೂರಿನ ದಾಸೋಜ, ಚಾವಣ ಈ ಊರಿನವರು' ಎಂಬ ಒಂದು ಸಾಲು. ಪ್ರತಿ ವರ್ಷ ಜನವರಿ 1ರಂದು ಸರ್ಕಾರ ಜಕಣಾಚಾರಿ ಸಂಸ್ಮರಣಾ ದಿನ ಮಾಡುತ್ತದೆ. ಮಾಡಲಿ. ಆ ದಿನದ ಭಾಷಣದಲ್ಲಿ ರುಜು ಹಾಕಿದವರ ಹೆಸರನ್ನೂ ಒಂದು ಸಲ ಗಟ್ಟಿಯಾಗಿ ಓದಲಿ, ಎರಡು ನಿಮಿಷವೂ ಹಿಡಿಯುವುದಿಲ್ಲ. ಗೈಡುಗಳಿಗೆ ಕಪ್ಪೆಯ ಕಥೆ ಬಿಡಿ ಎಂದು ಯಾರೂ ಹೇಳಬೇಕಾಗಿಲ್ಲ. ಕಪ್ಪೆಯಾದ ಮೇಲೆ ಕತ್ತು ಮೇಲೆ ಮಾಡಿಸಿ ಆ ಅಕ್ಷರಗಳನ್ನು ತೋರಿಸಿದರೆ ಸಾಕು.

ಮೊಮ್ಮಗಳು ಅಂಟಿಸಿದ ಚಿತ್ರದ ಕೆಳಗೆ ನಿಮ್ಮ ಪತ್ರಿಕೆಯ ಸಾಲನ್ನೇ ನೋಡಿ 'ಕೆತ್ತಿದವರು: ಜಕಣಾಚಾರಿ' ಎಂದು ಬರೆದಿದ್ದಳು. ನಾನು ಏನೂ ಹೇಳಲಿಲ್ಲ. ಮರುದಿನ ಸಂಜೆ ಅವಳನ್ನು ಕೇದಾರೇಶ್ವರಕ್ಕೆ ಕರೆದುಕೊಂಡು ಹೋಗಿ, ನನ್ನ ಹಳೆಯ ಸೈಕಲ್ ಕಲ್ಲಿನ ಮುಂದೆ ನಿಲ್ಲಿಸಿ, ಬೆರಳು ಹಿಡಿದು 'ಶ್ರೀ' ಓದಿಸಿದೆ. ಎರಡನೆಯ ಸಾಲಿಗೆ ಬರುವಾಗ "ಅಜ್ಜ, ಇದು ನಮ್ಮ ಳ ಅಲ್ಲವಾ" ಅಂದಳು. ಮನೆಗೆ ಬಂದು ಆ ಸಾಲನ್ನು ರಬ್ಬರಿನಲ್ಲಿ ಅಳಿಸಿದ್ದಾಳೆ. ಏನು ಬರೆಯಬೇಕು ಅಂತ ಕೇಳುತ್ತಿದ್ದಾಳೆ. ಆ ಚಿತ್ರದ ಪೀಠದಲ್ಲಿ ಯಾರ ರುಜು ಇದೆ ಎಂದು ನಿಮ್ಮ ಲೇಖಕರು ತಿಳಿದು ಹೇಳಿದರೆ ಉಪಕಾರವಾದೀತು. ನಿಮ್ಮಲ್ಲಿ ಅಚ್ಚಾದ ಚಿತ್ರದಲ್ಲಿ ಪೀಠದ ಭಾಗವನ್ನು ಕತ್ತರಿಸಿ ಬಿಟ್ಟಿದ್ದಾರೆ.

ನಿಮ್ಮ ಲೇಖಕರು ಒಮ್ಮೆ ಬಳ್ಳಿಗಾವಿಗೂ ಬರಲಿ. ಬೆಳಿಗ್ಗೆ ಬಂದರೆ ಒಳ್ಳೆಯದು, ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಎಳೆಬಿಸಿಲು ಮಂಟಪದೊಳಗೆ ಬರುತ್ತದೆ. ಬರುವ ಮೊದಲು ಒಂದು ಕಾರ್ಡು ಹಾಕಲಿ. ನಿವೃತ್ತ ಪೋಸ್ಟ್‌ಮ್ಯಾನ್, ಬಳ್ಳಿಗಾವಿ ಎಂದು ಬರೆದರೂ ತಲುಪುತ್ತದೆ.

ಇಂತಿ ತಮ್ಮ ಓದುಗ,
ನಿವೃತ್ತ ಗ್ರಾಮೀಣ ಡಾಕ್ ಸೇವಕ
ಮು.ಪೋ. ಬಳ್ಳಿಗಾವಿ, ತಾ. ಶಿಕಾರಿಪುರ, ಜಿ. ಶಿವಮೊಗ್ಗ